ಅಮಲ್ದಾರರ ಚಾಕುವಿನ ಹೊಳಪು

ಅಮಲ್ದಾರರಿಗೆ ಜೇಬಿನಲ್ಲಿಟ್ಟುಕೊಳ್ಳಲು ಮಡಚುವ ಚಾಕು ಬೇಕಾಯಿತು. ಕುಲುಮೆಗೆ ಬಂದು ಕಮ್ಮಾರನಿಗೆ ಹೇಳಿದರು. "ಅಲಗು ಕನ್ನಡಿ ಹಾಗೆ ಹೊಳೀಬೇಕು. ದಿನಾ ಬಳಸ್ತೀನಿ. ಒಂದು ಗೀರು ಕಂಡರೂ ನಿನ್ನ ಕುಲುಮೆಯನ್ನ ಸರ್ಕಾರಿ ಜಾಗದಿಂದ ಎತ್ತಿಸ್ತೀನಿ."

"ದಿನಾ ಬಳಸೋದಕ್ಕೆ ಒರಟು ಅಲಗೇ ಒಳ್ಳೇದು ಸ್ವಾಮಿ," ಎಂದ ಕಮ್ಮಾರ.

"ಒರಟು ನಿನಗಿರಲಿ."

ಎಂಟು ದಿನ ಉಜ್ಜಿ ಕಮ್ಮಾರ ಚಾಕು ಸಿದ್ಧ ಮಾಡಿದ. ಅಮಲ್ದಾರರು ಬಂದಾಗ ಅದನ್ನು ಮೆತ್ತನೆ ಬಟ್ಟೆಯ ಮೇಲೆ ಬಿಚ್ಚಿಟ್ಟ. ಅವರು ಎತ್ತಿಕೊಂಡು ಅಲಗಿನಲ್ಲಿ ಮೀಸೆ ನೋಡಿಕೊಂಡರು. ಅಷ್ಟರಲ್ಲಿ ಕಮ್ಮಾರ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕೈ ಚಾಚಿದ. "ಕೊಡಿ ಸ್ವಾಮಿ, ಒಂದು ತೊಟ್ಟು ಎಣ್ಣೆ ಬಿಡ್ತೀನಿ."

ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಅನ್ನುವುದು ಅಮಲ್ದಾರರಿಗೂ ಗೊತ್ತು. ಅಭ್ಯಾಸದಂತೆ ಅದನ್ನು ಜಗಲಿಯ ಕಲ್ಲಿನ ಮೇಲಿಟ್ಟು ಮುಂದಕ್ಕೆ ತಳ್ಳಿದರು. ಕಲ್ಲಿನ ಮೇಲೆ ಮರಳಿತ್ತು. ಅಲಗಿನ ಉದ್ದಕ್ಕೂ ಗೀರು ಬಿತ್ತು.

ಇಬ್ಬರೂ ಗೀರನ್ನು ನೋಡಿದರು. ಕುಲುಮೆ ಎತ್ತಿಸುವ ಮಾತನ್ನು ಯಾರೂ ಆಡಲಿಲ್ಲ.

ಕಮ್ಮಾರ ಒರಟು ಸಾಣೆಕಲ್ಲು ತೆಗೆದುಕೊಂಡು ಇಡೀ ಅಲಗನ್ನು ಒಂದೇ ದಿಕ್ಕಿಗೆ ಉಜ್ಜಿದ. ಅಲಗು ಮಂಕಾಯಿತು. "ಈಗ ಆ ಗೀರು ಎಲ್ಲಿದೆ ತೋರಿಸಿ ಸ್ವಾಮಿ."

ಅಮಲ್ದಾರರು ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ಹುಡುಕಿದರು. ಸಿಗಲಿಲ್ಲ. ಚಾಕು ಮಡಚಿ ಜೇಬಿಗಿಳಿಸಿ ಹೊರಟರು.

ಮರುದಿನ ಅವರ ಜವಾನ ಬೆಳ್ಳಿಯ ನಶ್ಯದ ಡಬ್ಬಿ ತಂದ. "ಇದನ್ನೂ ಹಾಗೇ ಉಜ್ಜಿಕೊಡಬೇಕಂತೆ."

"ಹೊಳಪು ಹೋಗುತ್ತಲ್ಲಪ್ಪ," ಎಂದ ಕಮ್ಮಾರ.

"ದಿನಾ ಬಳಸೋದಕ್ಕೆ ಒರಟೇ ಒಳ್ಳೇದಂತೆ. ಅಮಲ್ದಾರರೇ ಕಂಡುಹಿಡಿದದ್ದು. ಬೆಳಗ್ಗೆಯಿಂದ ಕಚೇರಿಯಲ್ಲಿ ಎಲ್ಲರಿಗೂ ಹೇಳ್ತಿದ್ದಾರೆ."