ಕೊಟ್ರೇಶನ ಎರಡನೇ ಕೂಗು

ತುಂಗಭದ್ರೆಯ ದಂಡೆಯ ಮೇಲಿನ ಮಠದಲ್ಲಿ ಶಾಂತವೀರಜ್ಜ ಎಂಬ ಗುರುಗಳಿದ್ದರು. ಬೆಳಗ್ಗೆ ಶಿಷ್ಯರಿಗೆ ಪಾಠ ಹೇಳುತ್ತಿದ್ದರು, ಮಧ್ಯಾಹ್ನ ಬ್ರಿಜ್ ಆಡಿಸುತ್ತಿದ್ದರು. ಮಠದಲ್ಲಿ ಇಸ್ಪೀಟು ಯಾಕೆ ಎಂದು ಕೇಳಿದವರ ಕೈಗೆ ಎಲೆ ಕೊಟ್ಟು, ಕಲಸಲು ಹೇಳುತ್ತಿದ್ದರು.

ಶಿಷ್ಯ ಕೊಟ್ರೇಶ ಬಲು ವಿನಯವಂತ. ಎಷ್ಟೆಂದರೆ, ತನ್ನ ವಿನಯವನ್ನು ಯಾರಾದರೂ ಗಮನಿಸಿದರೋ ಇಲ್ಲವೋ ಎಂದು ಆಗಾಗ ತಿರುಗಿ ನೋಡುತ್ತಿದ್ದ.

ಒಂದು ದಿನ ಮಧ್ಯಾಹ್ನ ಅಜ್ಜ ಅವನನ್ನು ಎದುರು ಕೂರಿಸಿಕೊಂಡರು. ಮರುದಿನ ಆಚೆ ದಂಡೆಯ ಮಠದವರೊಂದಿಗೆ ಪಂದ್ಯವಿತ್ತು. ಅದರಲ್ಲಿ ಅಜ್ಜನ ಜೋಡಿಯಾಗಿ ಕೂರಬೇಕೆಂಬುದು ಕೊಟ್ರೇಶನ ಬಹುದಿನದ ಆಸೆ.

"ಇವತ್ತು ಹೆಂಗ ಆಡ್ತೀಯೋ ನೋಡಿ ಹೇಳ್ತೀನಿ," ಎಂದರು ಅಜ್ಜ.

ಬ್ರಿಜ್‌ನಲ್ಲಿ ಎದುರು ಕೂತ ಜೋಡಿಗೆ ಎಲೆ ತೋರಿಸುವಂತಿಲ್ಲ, ಕಣ್ಸನ್ನೆ ಮಾಡುವಂತಿಲ್ಲ. ಕೈಯಲ್ಲಿ ಏನಿದೆ ಎಂಬುದನ್ನು ಕೂಗಿನಲ್ಲೇ ತಿಳಿಸಬೇಕು. ಕೂಗಿದ ಅಂಕಿಗೆ ಆರು ಸೇರಿಸಿದರೆ ಎಷ್ಟೋ ಅಷ್ಟು ಟ್ರಿಕ್, ಅಂದರೆ ಅಷ್ಟು ಸುತ್ತು, ಗೆಲ್ಲಬೇಕು.

ಕೊಟ್ರೇಶನಿಗೆ ಮೂರು ಎಕ್ಕ, ಎರಡು ರಾಜ ಬಂದವು. "ಒಂದು ಡೈಮಂಡ್" ಎಂದು ಶುರು ಮಾಡಿದ. ಅಜ್ಜ "ಒಂದು ಇಸ್ಪೀಟು" ಎಂದರು.

ಈಗ ಕೊಟ್ರೇಶನ ಎರಡನೇ ಕೂಗು. ಕೈಯಲ್ಲಿ ನಾಲ್ಕೂ ಬಣ್ಣದ ಎಲೆಗಳು ಹೆಚ್ಚುಕಡಿಮೆ ಸಮನಾಗಿದ್ದವು. ಅಂಥ ಕೈಗೆ ತುರುಪು ಬೇಡ, ನೋ ಟ್ರಂಪ್ ಅನ್ನಬೇಕು. ಸಾಧಾರಣ ಕೈಯಾದರೆ ಒಂದು. ಭಾರಿ ಕೈಯಾದರೆ ನೆಗೆದು ಎರಡು.

"ಒಂದು ನೋ ಟ್ರಂಪ್," ಎಂದ ಕೊಟ್ರೇಶ ತಲೆ ತಗ್ಗಿಸಿ.

ಅಜ್ಜ "ಪಾಸ್" ಎಂದು ಸುಮ್ಮನಾದರು.

ಆ ಕೂಗಿಗೆ ಏಳು ಟ್ರಿಕ್ ಸಾಕಿತ್ತು. ಕೊಟ್ರೇಶ ಒಂಬತ್ತು ಗೆದ್ದ. ಒಂಬತ್ತನ್ನೇ ಕೂಗಿ ಗೆದ್ದಿದ್ದರೆ ದೊಡ್ಡ ಬೋನಸ್ಸು ಬರುತ್ತಿತ್ತು, ಅದು ತಪ್ಪಿತು. ಆದರೂ ಗೆದ್ದೆನಲ್ಲ ಎಂದು ಅವನಿಗೆ ಖುಷಿಯೇ.

"ಎರಡು ಅನ್ನಲಿಲ್ಲ ಯಾಕೋ?"

"ನಂದು ದೊಡ್ಡ ಕೈ ಅಂತ ಗುರುಗಳ ಮುಂದ ಹೆಂಗ ಹೇಳೂದ್ರಿ, ಅಜ್ಜಾರ? ಅಹಂಕಾರ ಆಗ್ತದಲ್ರೀ."

ಅಜ್ಜ ಎಲೆಗಳನ್ನು ಕೂಡಿಸಿ ಎತ್ತಿಟ್ಟರು.

ಸಂಜೆ ಊಟಕ್ಕೆ ಗೋಧಿ ಹುಗ್ಗಿ. ಅಜ್ಜ ತಾವೇ ಬಡಿಸಲು ಬಂದರು. ಒಂದು ಸೌಟು ಬಿದ್ದದ್ದೇ ತಡ, ಕೊಟ್ರೇಶ ಎರಡೂ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಎಂದ.

ಸಾಕು ಎಂದವರಿಗೆ ಒತ್ತಾಯ ಮಾಡಿ ಬಡಿಸುವುದು ಆ ಸೀಮೆಯ ವಾಡಿಕೆ. ಅಜ್ಜ ಮಾತ್ರ ಸರಸರ ಮುಂದೆ ಹೋದರು. ತಿರುಗಿ ಬರಲೇ ಇಲ್ಲ. ಕೊಟ್ರೇಶ ಖಾಲಿ ತಟ್ಟೆಯನ್ನೂ ದೂರದ ಕೊಳಗವನ್ನೂ ಪಿಳಿಪಿಳಿ ನೋಡುತ್ತ ಕೂತ.

ಕೊಳಗ ಬರಿದಾದ ಮೇಲೆ ಅಜ್ಜ ಕೇಳಿದರು, "ಹೊಟ್ಟಿ ತುಂಬಿತೇನೋ?"

"ಇಲ್ರೀ. ಇನ್ನೊಮ್ಮೆ ಕೇಳ್ತೀರಿ ಅನ್ಕೊಂಡಿದ್ನಿ."

"ನಿನ್ನ ಹಸಿವು ನಿನಗ ಗೊತ್ತು. ಸೌಟು ನನ್ನ ಕೈಯಾಗ ಐತಿ. ನೀ ಸುಳ್ಳು ಹೇಳಿದ್ರ ನಾ ಹೆಂಗ ಬಡಿಸಲಿ?"

ಕೊಟ್ರೇಶನಿಗೆ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಪಂದ್ಯದಲ್ಲಿ ತನ್ನ ಜಾಗ ಹೋಯಿತೆಂದೇ ತಿಳಿದ. ಆದರೆ ಮರುದಿನ ಅಜ್ಜ ಎದುರಿನ ಚಾಪೆ ತಟ್ಟಿ ಅವನನ್ನೇ ಕರೆದರು.

ಮೊದಲ ಆಟದಲ್ಲೇ ಮತ್ತೆ ಭಾರಿ ಕೈ. ಕೊಟ್ರೇಶ ಬಣ್ಣ ಹೇಳಿದ, ಅಜ್ಜ ಉತ್ತರ ಕೊಟ್ಟರು. ಕೊಟ್ರೇಶ ಈ ಸಲ ತಲೆ ಎತ್ತಿದ.

"ಎರಡು ನೋ ಟ್ರಂಪ್!"

ಧ್ವನಿ ಎಷ್ಟು ಜೋರಾಯಿತೆಂದರೆ ಕಿಟಕಿಯ ಮೇಲಿನ ಪಾರಿವಾಳ ಹಾರಿಹೋಯಿತು. ಅಜ್ಜ ನಕ್ಕು "ಮೂರು" ಎಂದರು. ಈಗ ಒಂಬತ್ತು ಟ್ರಿಕ್ ಗೆಲ್ಲಲೇಬೇಕು.

ಎದುರಾಳಿಗಳಿಗೆ ಬಂದ ಆಟೀನಿನ ಎಲೆಗಳೆಲ್ಲ ಒಬ್ಬನ ಕೈಯಲ್ಲೇ ಕೂತಿದ್ದವು. ಕೊಟ್ರೇಶ ಪಟ್ಟ ಪಾಡು ಅಷ್ಟಿಷ್ಟಲ್ಲ. ಎಂಟಕ್ಕೇ ನಿಂತಿತು. ಆಚೆ ದಂಡೆಯವರು ಚಪ್ಪಾಳೆ ಹೊಡೆದು ನಕ್ಕರು.

ಕೊಟ್ರೇಶ ಮೆಲ್ಲಗೆ ಏಳಲು ಹೋದ. "ನಿನ್ನೆ ಸಣ್ಣದು ಹೇಳಿ ಗೆದ್ನಿ, ಇವತ್ತು ಖರೆ ಹೇಳಿ ಸೋಲಿಸಿದ್ನಿ. ಬ್ಯಾರೆ ಯಾರನ್ನರ ಕುಂದರಿಸ್ಕೊಳ್ರಿ, ಅಜ್ಜಾರ."

ಅಜ್ಜ ಅವನ ಧೋತರದ ಚುಂಗು ಹಿಡಿದು ಕೂರಿಸಿದರು.

"ನಿನ್ನೆ ನೀ ಒಬ್ಬಾವನೇ ಗೆದ್ದಿದ್ದಿ. ಇವತ್ತು ನಾವಿಬ್ಬರೂ ಸೋತೀವಿ. ಎಲಿ ಹಂಚು."