ಸಸಿಮಡಿಯ ಎರಡು ವರ್ಷ

"ಕೇಳ್ರಪ್ಪೋ ಕೇಳಿ! ಅರಮನೆಗೆ ಮೂವತ್ತು ವರ್ಷ ದುಡಿದವರಿಗೆ ಮುಪ್ಪಿನಲ್ಲಿ ಕೂತು ಉಣ್ಣೋಕೆ ಉಂಬಳಿ ಹೊಲ. ಹರೆಯದಲ್ಲಿ ಜನಸೇವೆಯ ವ್ರತಕ್ಕೆ ಹೋಗಿಬಂದ ವರ್ಷವೂ ಅದರಲ್ಲಿ ಸೇರಬೇಕು ಅನ್ನೋರು ರಾಜಮಾತೆಯ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ದುಡಿದ ವರ್ಷವೆಲ್ಲ ಸೊನ್ನೆ!"

ಈ ಡಂಗುರವನ್ನು ನೀರಗಂಟಿ ಕರಿಯಣ್ಣನೂ ಕೇಳಿದ. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷ ನೀರಲ್ಲಿ ನಿಂತು ಮಂಡಿ ಹೋಗಿತ್ತು. ಅದಕ್ಕೂ ಮೊದಲು ಅರಮನೆಯೇ ಜನಸೇವೆಯ ವ್ರತಕ್ಕೆಂದು ಕಳಿಸಿದ್ದಕ್ಕೆ ದೂರದೂರಿನಲ್ಲಿ ಎರಡು ವರ್ಷ, ಬರೀ ಊಟಕ್ಕೆ, ಒಡೆದ ಕೆರೆ ಕಟ್ಟಿಕೊಟ್ಟು ಬಂದಿದ್ದ. ಶಾನುಭೋಗ ರಂಗರಾಯರು ಮಾತ್ರ, "ಅದು ಕಲಿಕೆ, ಸೇವೆಯಲ್ಲ" ಎಂದು ಕೈಬಿಟ್ಟಿದ್ದರು.

"ನಿನ್ನ ಪರವಾಗಿ ನಾನು ಹೋಗ್ತೀನಪ್ಪ" ಅಂದಳು ಮಗಳು ದ್ಯಾವಿ.

"ತಪ್ಪಿದ್ರೆ ಇರೋ ಇಪ್ಪತ್ತೆಂಟೂ ಹೋಯ್ತದೆ ಮಗಾ."

"ಈ ಮಂಡೀಲಿ ಇನ್ನೆರಡು ವರ್ಷ ನಿಂತ್ರೆ ನೀನೇ ಹೋಯ್ತೀಯ."

ಸಭೆ ತುಂಬಿತ್ತು. ರಾಜಮಾತೆ ಎಲೆಯಡಿಕೆ ಮೆಲ್ಲುತ್ತಾ ಶುರುಮಾಡಿದರು. "ಮಳೆಗಾಲದಲ್ಲಿ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಹದವರಿತು ಬಾಯಿಬಿಟ್ಟರೆ ಊರೆಲ್ಲ ಉಣ್ಣುತ್ತೆ. ಏನದು?"

"ಮಂತ್ರಿಗಳು, ತಾಯಿ" ಅಂದ ಉಗ್ರಾಣದ ಭುಜಂಗಯ್ಯ. ಮಂತ್ರಿಗಳು ನೋಡಿದ ನೋಟಕ್ಕೇ ಅವನ ಅರ್ಧ ಸೇವೆ ಹೋಯಿತು. ಉಳಿದರ್ಧವನ್ನು ಶಾನುಭೋಗರು ಹೊಡೆದುಹಾಕಿದರು.

"ಒಂದು ಮಗ್ಗುಲು ನೀರಿಗೆ, ಇನ್ನೊಂದು ಮಗ್ಗುಲು ಬಿಸಿಲಿಗೆ. ಬೆನ್ನ ಮೇಲೆ ಊರೆಲ್ಲ ಓಡಾಡುತ್ತೆ."

"ಎಮ್ಮೆ" ಅಂದ ಕುದುರೆಲಾಯದ ಸೋಮಣ್ಣ.

"ನಿಮ್ಮೂರಲ್ಲಿ ಎಮ್ಮೆ ಮೇಲೆ ಸಂತೆಗೆ ಹೋಗ್ತಾರೇನಪ್ಪ?" ಅಂತ ರಾಜಮಾತೆ ನಕ್ಕುಬಿಟ್ಟರು. ಪಾಪ, ಅವನ ಹತ್ತೊಂಬತ್ತು ವರ್ಷವೂ ಹೋಯಿತು.

"ಮೂರನೇದು. ಒಂದು ಮನೆಯಲ್ಲಿ ಒಂದು ತಿಂಗಳು ಒತ್ತಾಗಿ ಬೆಳೆದು, ಇನ್ನೊಂದು ಮನೆಯಲ್ಲಿ ಮೂರು ತಿಂಗಳು ಬಾಳಿ ತಲೆ ಬಾಗಿಸುತ್ತೆ. ಅದು ಯಾವುದು, ಅದರ ವಯಸ್ಸೆಷ್ಟು?"

"ಯಾವುದಾದರೇನು, ವಯಸ್ಸು ಮೂರು ತಿಂಗಳು" ಅಂದರು ಶಾನುಭೋಗರು, ತಡೆಯಲಾರದೆ. "ಎರಡನೇ ಮನೆಯ ಕಡತದಲ್ಲಿ ಅಷ್ಟೇ ಇರೋದು."

ಆಗ ದ್ಯಾವಿ ಎದ್ದಳು. ಸಭೆಯ ನಡುವಿಗೆ ಬಂದು ನಿಂತಳು.

"ಮೊದಲನೇದು ತೂಬು, ತಾಯಿ. ಮಳೇಲಿ ಮುಚ್ಚಿದ್ರೆ ಕೆರೆ ತುಂಬ್ತದೆ, ಹದ ನೋಡಿ ತೆಗೆದ್ರೆ ಗದ್ದೆ ನೆನೀತದೆ. ಎರಡನೇದು ಕೆರೆ ಏರಿ. ನಾನು ನಡೆಯೋದು ಕಲಿತಿದ್ದೇ ಅದರ ಮೇಲೆ. ಮೂರನೇದು ಭತ್ತ. ಸಸಿಮಡೀಲಿ ಒಂದು ತಿಂಗಳು, ನಾಟಿ ಗದ್ದೇಲಿ ಮೂರು. ಅದನ್ನ ಯಾವ ರೈತನೂ ಮೂರು ತಿಂಗಳ ಭತ್ತ ಅನ್ನಲ್ಲ, ನಾಲ್ಕು ತಿಂಗಳ ಭತ್ತ ಅಂತಾನೆ. ಸಸಿಮಡಿ ಬಿಟ್ಟು ಎಣಿಸಿದ್ರೆ ಗದ್ದೇಲಿ ನೆಡೋಕೆ ಏನಿರ್ತದೆ?"

ರಾಜಮಾತೆ ಬಾಯಲ್ಲಿದ್ದ ಎಲೆಯಡಿಕೆ ಮರೆತರು. "ರಂಗರಾಯರೇ, ಈಗ ಕರಿಯಣ್ಣನ ಸೇವೆ ಎಷ್ಟಾಯಿತು?"

"ಮೂವತ್ತು" ಅಂದರು ಶಾನುಭೋಗರು, ಮೆಲ್ಲಗೆ.

"ಬರೀರಿ. ವ್ರತಕ್ಕೆ ಹೋಗಿಬಂದ ಎಲ್ಲರಿಗೂ ಹಾಗೇ ಬರೀರಿ. ಅಳಿಸಿದ್ದನ್ನೂ ತಿರುಗಿ ಬರೀರಿ. ಸೋಮಣ್ಣ ನನ್ನನ್ನು ನಗಿಸಿದ್ದಾನೆ." ಆಮೇಲೆ ದ್ಯಾವಿಯ ಕಡೆ ತಿರುಗಿದರು. "ನಿಮ್ಮಪ್ಪನಿಗೆ ತೂಬಿನ ಕೆಳಗಿನ ಹೊಲ. ಕೆರೆ ನಿನಗೆ. ಇವತ್ತಿಂದ ನೀನೇ ನೀರಗಂಟಿ."

ದ್ಯಾವಿ ಅಡ್ಡಬಿದ್ದು ಎದ್ದಳು. ಹೋಗುವ ಬದಲು ಅಲ್ಲೇ ನಿಂತಳು.

"ಇನ್ನೇನಮ್ಮ?"

"ತಾಯಿ, ಅಪ್ಪನ ಮಂಡಿ ನೋವು ಶುರುವಾದಾಗಿಂದ, ಈ ಎರಡು ವರ್ಷ, ಅಪ್ಪನ ಜೊತೆ ನಿಂತು ತೂಬು ತೆಗೆದವಳು ನಾನೇ. ನನ್ನ ಸೇವೆ ಯಾವತ್ತಿಂದ ಎಣಿಸ್ತೀರಿ?"

ರಾಜಮಾತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ದ್ಯಾವಿಯ ಒರಟು ಕೈ ಹಿಡಿದುಕೊಂಡರು.

"ಸಸಿಮಡಿಯಿಂದ ಕಣೇ."