ಸ್ಪೀಕರ್ ಕೊಂಡ ನೇಕಾರ

ಮುರಿಗೆಪ್ಪನೆಂಬ ಶಿಷ್ಯ ಮೂರು ದಿನ ತಡೆದುಕೊಂಡು ನಾಲ್ಕನೆಯ ದಿನ ಕೇಳಿಯೇಬಿಟ್ಟ: "ಗುರುಗಳೇ, ಈ ಸೀಮೆಯಲ್ಲಿ ಪಾಠ ಹೇಳುವವರು ನೀವೊಬ್ಬರೇ. ಬೇರೆ ಯಾರ ಮಾತನ್ನೂ ಕೇಳದೆ ನಿಮ್ಮದೇ ಸರಿ ಎಂದು ನಾನು ಹೇಗೆ ತಿಳಿಯಲಿ?"

ಗುರುಗಳು ನಕ್ಕರು. "ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುವುದಕ್ಕಿಂತ ಕೇಳಿದ್ದೇ ಒಳ್ಳೆಯದಾಯಿತು ಬಿಡು. ಕೂತುಕೋ," ಎಂದು ಕತೆ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ತಂದೆಯೂ ನೇಕಾರನೇ. ತಂದೆ ಮಗ್ಗ ತುಳಿಯುತ್ತಾ ಹಾಡುತ್ತಿದ್ದ. ಆ ಹಾಡನ್ನು ಮಗ ಒಮ್ಮೆ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ. ಮುಂದೆ ತಂದೆ ತೀರಿಕೊಂಡ. ತಾಯಿಗೆ ಕಣ್ಣು ಹೋಯಿತು. ಗಂಡನ ಫೋಟೊ ಇದ್ದರೂ ಒಂದೇ, ಬರೀ ಗೋಡೆ ಇದ್ದರೂ ಒಂದೇ. ಅವಳಿಗೆ ಉಳಿದದ್ದು ಆ ಕ್ಯಾಸೆಟ್ ಮಾತ್ರ. ಒಂದು ದಿನ ಮನೆಯ ಹಳೆಯ ಸ್ಪೀಕರ್ ಹರಿದು ಗೊರಗೊರ ಎನ್ನತೊಡಗಿತು. ಮುದುಕಿ ಅಂದಿನಿಂದ ಊಟ ಬಿಟ್ಟಳು ಎಂದರೆ ಸುಳ್ಳಾಗುತ್ತದೆ. ಉಣ್ಣುತ್ತಿದ್ದಳು, ಮಾತು ಬಿಟ್ಟಳು.

ಊರಿನಲ್ಲಿ ಸ್ಪೀಕರ್ ಮಾರುವ ಅಂಗಡಿ ಒಂದೇ. ಅಲ್ಲಿ ಇದ್ದದ್ದು ಎರಡೇ ಜೋಡಿ. ಉಳಿದವೆಲ್ಲ ಕಂಪನಿಯ ಚಿತ್ರದ ಪುಸ್ತಕದಲ್ಲಿ ಮಾತ್ರ ಇದ್ದವು. ಅಂಗಡಿಯವನು ದೊಡ್ಡ ಜೋಡಿಗೆ ಒಂದು ಮದುವೆ ಬ್ಯಾಂಡಿನ ಹಾಡು ಹಾಕಿದ. ಗಾಜಿನ ಬಾಗಿಲು ನಡುಗಿತು. ನೇಕಾರನ ಎದೆಯೂ ನಡುಗಿತು. ಸೀರೆಯ ಅಂಚನ್ನು ತಿರುವಿ ನೋಡದೆ ಕೊಳ್ಳುವವರನ್ನು ಕಂಡು ನಗುವ ಮನುಷ್ಯ ಅವನು. ಆ ಪುಣ್ಯಾತ್ಮ ತಾನೇ ಅಂದು ಹಾಗೆ ಕೊಂಡುಬಂದ.

ಮನೆಯಲ್ಲಿ ಕ್ಯಾಸೆಟ್ ಹಾಕಿದ. ತಾಯಿ ಕೊನೆಯವರೆಗೂ ಕೇಳಿದಳು. "ಚೆನ್ನಾಗಿ ಹಾಡುತ್ತಾನಪ್ಪ. ಯಾರವನು?" ಎಂದಳು.

ನೇಕಾರ ಮರುದಿನ ಬೆಳಿಗ್ಗೆ ಸ್ಪೀಕರಿನ ಜೊತೆ ಕ್ಯಾಸೆಟ್ಟನ್ನೂ ಹಿಡಿದುಕೊಂಡು ಅಂಗಡಿಗೆ ಹೋದ. "ನಿಮ್ಮ ಹಾಡು ಬೇಡಣ್ಣ, ಇದನ್ನು ಹಾಕಿ," ಎಂದ. ಅಂಗಡಿಯವನು ಒಳ್ಳೆಯವನು, ಮುಖ ಗಂಟಿಕ್ಕಲಿಲ್ಲ.

ದೊಡ್ಡ ಜೋಡಿಯಲ್ಲಿ ಮಗ್ಗದ ಸಪ್ಪಳವೆಲ್ಲ ಗುಂಯ್ ಎಂದು ಕಲೆಸಿಹೋಗುತ್ತಿತ್ತು, ಹಾಡಿನ ದನಿಯೂ ಬೇರೆ ಯಾರದೋ ಎನ್ನಿಸುತ್ತಿತ್ತು. ಮೂಲೆಯಲ್ಲಿ ಧೂಳು ಹಿಡಿದಿದ್ದ ಸಣ್ಣ ಜೋಡಿಗೆ ಹಾಕಿದರು. ಅದರಲ್ಲಿ ಮಗ್ಗ ಬಿಡಿಬಿಡಿಯಾಗಿ ಕೇಳಿಸಿತು. ಒಂದು ತುಳಿತ ಗಟ್ಟಿ, ಮುಂದಿನದು ಮೆತ್ತಗೆ. ಮತ್ತೆ ಗಟ್ಟಿ, ಮತ್ತೆ ಮೆತ್ತಗೆ. ಅವನ ತಂದೆಯ ಎಡಗಾಲು ಊನವಾಗಿತ್ತು. ನೇಕಾರ ಅಂಗಡಿಯಲ್ಲೇ ಕಣ್ಣೊರೆಸಿಕೊಂಡ. ಲೋಕದಲ್ಲಿ ಅದಕ್ಕಿಂತ ಒಳ್ಳೆಯ ಸ್ಪೀಕರುಗಳು ನೂರು ಇದ್ದಾವು. ಅವನು ಅದನ್ನೇ ಬದಲಿಗೆ ತೆಗೆದುಕೊಂಡು ಮನೆಗೆ ಹೋದ.

ಸಂಜೆ ಮತ್ತೆ ಹಾಡು ಹಾಕಿದ. ಎರಡು ಸಾಲು ಮುಗಿಯುವಷ್ಟರಲ್ಲಿ ತಾಯಿ ಮಗನ ಕೈ ಹಿಡಿದುಕೊಂಡಳು.

"ಸ್ವಲ್ಪ ಎಣ್ಣೆ ಬಿಸಿ ಮಾಡಪ್ಪ," ಎಂದಳು. "ನಿಮ್ಮಪ್ಪನಿಗೆ ಇವತ್ತು ಕಾಲು ಬಹಳ ನೋಯುತ್ತಿದೆ."

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಬೆನ್ನ ಮೇಲೆ ಕೈಯಿಟ್ಟರು.  ಆಮೇಲೆ ಮೆಲ್ಲಗೆ ಕೇಳಿದರು:

"ಅವನಿಗೂ ಅಂಗಡಿ ಒಂದೇ ಇತ್ತಪ್ಪ, ನನ್ನನ್ನು ಪರೀಕ್ಷಿಸಲು ನೀನು ನಿನ್ನ ಮನೆಯಿಂದ ಏನು ತಂದಿದ್ದೀಯ?"